ಟಗರು ಹಾರುತ್ತಿಲ್ಲವೇ? ಇಂಜೆಕ್ಷನ್‌ಗಿಂತ ಮೊದಲು ಇಷ್ಟು ನೋಡಿ

ಮುಂಗಾರು ಶುರುವಾದರೆ ಸಾಕು, ನನಗೆ ಬರುವ ಫೋನುಗಳಲ್ಲಿ ಅರ್ಧ ಒಂದೇ ಥರ ಇರುತ್ತವೆ. "ಟಗರು ಸುಮ್ನೆ ನಿಂತ್ಬಿಡ್ತದ, ಕುರಿ ಕಡೆ ನೋಡೂದ ಇಲ್ಲ, ಯಾವ ಇಂಜೆಕ್ಷನ್ ಹಾಕಸ್ಲಿ?" ನಾನು ಡಾಕ್ಟರ್ ಅಲ್ಲ. ಕುಷ್ಟಗಿ ಕಡೆ ಕೆಂಗುರಿ ತಳಿಯ ಕುರಿ ಸಾಕುವವನು. ಒಮ್ಮೆ ಅಂಥದೇ ಇಂಜೆಕ್ಷನ್ ಹಾಕಿಸಿ ನಾಲ್ಕು ತಿಂಗಳು ಕಳೆದುಕೊಂಡವನು. ಆ ಕಥೆ ಮುಂದೆ ಬರುತ್ತದೆ. ಹಾರುವುದು ಅಂದರೆ ಟಗರು ಕುರಿಯ ಮೇಲೇರಿ ಕೂಡುವುದು.

ಕಾಸು ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಇಟ್ಟಿದ್ದೇನೆ, ಡಾಕ್ಟರ್ ಬೇಕಾಗುವವು ಕೊನೆಗೆ. ಹೋತ ಸಾಕುವವರಿಗೂ ಬಹುಪಾಲು ಇದೇ ಲೆಕ್ಕ ನಡೆಯುತ್ತದೆ.

ಹುರುಪು ಎಲ್ಲಿಂದ ಬರುತ್ತದೆ

ನಮ್ಮ ಕಡೆ ಎಲ್ಲ ತಪ್ಪನ್ನೂ ಬೀಜದ, ಅಂದರೆ ವೃಷಣದ ಮೇಲೆ ಹಾಕುತ್ತೇವೆ. ಟಗರು ಹಾರಲಿಲ್ಲ ಅಂದರೆ ಬೀಜದಲ್ಲಿ ಬಲ ಇಲ್ಲ ಅನ್ನುತ್ತೇವೆ. ಆದರೆ ಆಸೆ ಹುಟ್ಟುವುದು ತಲೆಯಲ್ಲಿ. ಇದು ಗೊತ್ತಿದ್ದರೆ ಮುಂದಿನ ಪರೀಕ್ಷೆಗಳು ಸುಲಭವಾಗಿ ಅರ್ಥವಾಗುತ್ತವೆ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಮಿದುಳಿನ ಅಡಿಯಲ್ಲಿ ಹೈಪೊಥಲಾಮಸ್ ಎಂಬ ಚಿಕ್ಕ ಜಾಗವಿದೆ. ಅಲ್ಲಿಂದ ಜಿಎನ್‌ಆರ್‌ಎಚ್ ಎಂಬ ಹಾರ್ಮೋನ್ ಬಿಟ್ಟು ಬಿಟ್ಟು, ತೊಟ್ಟು ತೊಟ್ಟಾಗಿ ಹೊರಡುತ್ತದೆ. ಅದು ಕೆಳಗಿನ ಪಿಟ್ಯುಟರಿ ಗ್ರಂಥಿಯನ್ನು ಎಬ್ಬಿಸುತ್ತದೆ. ಪಿಟ್ಯುಟರಿ ಎಲ್‌ಎಚ್ ಎಂಬ ಇನ್ನೊಂದು ಹಾರ್ಮೋನ್ ಬಿಡುತ್ತದೆ. ಅದು ರಕ್ತದಲ್ಲಿ ಇಳಿದು ಬಂದು ಬೀಜದಲ್ಲಿ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನ್ ತಯಾರಾಗುವಂತೆ ಮಾಡುತ್ತದೆ. ಟೆಸ್ಟೋಸ್ಟಿರಾನ್ ಮತ್ತೆ ಮಿದುಳಿಗೆ ಹತ್ತಿ ಹೋಗುತ್ತದೆ. ಅಲ್ಲಿ ಅದರ ಒಂದು ಪಾಲು ಈಸ್ಟ್ರೊಜನ್ ಆಗಿ ಬದಲಾಗುತ್ತದೆ. ಹೌದು, ಹೆಣ್ಣಿನದು ಅಂತ ನಾವು ಹೇಳುವ ಅದೇ ಹಾರ್ಮೋನು. ಗಂಡಿನ ಮಿದುಳಿಗೂ ಅದು ಬೇಕು.

ಇಷ್ಟಾದರೂ ಟಗರು ಹಾರುವುದಿಲ್ಲ. ತುಂಗಭದ್ರಾ ಕಾಲುವೆಯಲ್ಲಿ ನೀರು ತುಂಬಿ ಹರಿದರೆ ಸಾಕೇ? ಹೊಲದ ತೂಬು ಎತ್ತಬೇಕು. ಟೆಸ್ಟೋಸ್ಟಿರಾನ್ ಕಾಲುವೆಯ ನೀರು. ತೂಬು ಎತ್ತುವುದು ಡೋಪಮಿನ್, ಮಿದುಳಿನೊಳಗೇ ಹುಟ್ಟಿ ಅಲ್ಲೇ ಕೆಲಸ ಮಾಡುವ ರಾಸಾಯನಿಕ. ಬೆದೆಗೆ ಬಂದ ಹೆಣ್ಣಿನ ವಾಸನೆ ಬಂದ ಕೂಡಲೇ ಗಂಡಿಲಿಯ ಮಿದುಳಿನಲ್ಲಿ ಡೋಪಮಿನ್ ಏರುತ್ತದೆ. ಅಮೆರಿಕದ ವಿಜ್ಞಾನಿ ಎಲೇನ್ ಹಲ್ ಮತ್ತು ಅವರ ತಂಡ ಇದನ್ನು ಅಳೆದು ತೋರಿಸಿದರು. ಬೀಜ ತೆಗೆದ ಇಲಿಯಲ್ಲಿ ಅದು ಏರಲಿಲ್ಲ. ಟೆಸ್ಟೋಸ್ಟಿರಾನ್ ಕೊಟ್ಟ ಮೇಲೆ ಮತ್ತೆ ಏರಿತು. ಅಂದರೆ ನೀರಿಲ್ಲದೆ ತೂಬು ಎತ್ತಿದರೂ ಪ್ರಯೋಜನವಿಲ್ಲ, ತೂಬು ಎತ್ತದೆ ನೀರಿದ್ದರೂ ಪ್ರಯೋಜನವಿಲ್ಲ.

ತೂಬು ಇಳಿಸುವವೂ ಇವೆ. ಸೆರೊಟೋನಿನ್ ಎಂಬ ಮಿದುಳಿನ ಇನ್ನೊಂದು ರಾಸಾಯನಿಕ ಬಹುಪಾಲು ತಡೆಯುವ ಕಡೆ ಇರುತ್ತದೆ. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್ ಜಾಸ್ತಿಯಾದರೆ ಆಸೆ ಕುಗ್ಗುತ್ತದೆ. ನೋವು, ಹಸಿವು, ಹೆದರಿಕೆ ಬಂದಾಗ ಏಳುವ ಕಾರ್ಟಿಸಾಲ್ ಹಾರ್ಮೋನ್ ಅಂತೂ ಮೇಲಿನ ಜಿಎನ್‌ಆರ್‌ಎಚ್ ತೊಟ್ಟನ್ನೇ ಕಡಿಮೆ ಮಾಡುತ್ತದೆ.

ಇನ್ನೊಂದು ಮಾತು. ಒಂದು ಮಟ್ಟದವರೆಗೆ ಟೆಸ್ಟೋಸ್ಟಿರಾನ್ ಇರಲೇಬೇಕು. ಅದಕ್ಕಿಂತ ಮೇಲೆ ಎಷ್ಟು ಸುರಿದರೂ ಹುರುಪು ಅಷ್ಟೇ ಪ್ರಮಾಣದಲ್ಲಿ ಏರುವುದಿಲ್ಲ. ಚುರುಕಾದ ಟಗರಿನ ರಕ್ತದಲ್ಲಿ ಜಾಸ್ತಿ, ಮಂದ ಟಗರಿನಲ್ಲಿ ಕಡಿಮೆ ಅಂತಲೂ ಇಲ್ಲ. ದಿನದಲ್ಲಿ ಹಲವು ಸಲ ಅದು ಏರಿ ಇಳಿಯುತ್ತದೆ, ಹಾಗಾಗಿ ಒಂದೇ ಸಲ ರಕ್ತ ತೆಗೆಸಿ ತೀರ್ಮಾನಕ್ಕೆ ಬರಬೇಡಿ. ನಮ್ಮಲ್ಲಿ ಬೀಜ ಒಡೆಸಿದ ಟಗರು ಕೆಲವು ವಾರ ಕುರಿ ಹಾರುತ್ತಲೇ ಇರುವುದನ್ನು ಎಲ್ಲರೂ ನೋಡಿದ್ದೇವೆ ಅಲ್ವಾ? ನೀರು ಬತ್ತಿದರೂ ಮಿದುಳು ಹಳೆಯ ಪಾಠವನ್ನು ಒಂದೇ ದಿನಕ್ಕೆ ಮರೆಯುವುದಿಲ್ಲ.

ಈ ಜಿಎನ್‌ಆರ್‌ಎಚ್ ಕಂಡುಹಿಡಿದ ಕಥೆಯಲ್ಲೂ ನಮ್ಮ ಕುರಿಗಳಿಗೆ ಪಾಲಿದೆ. ವಿಜ್ಞಾನಿ ರೋಜರ್ ಗಿಲ್ಲೆಮಿನ್ ಲಕ್ಷಗಟ್ಟಲೆ ಕುರಿಗಳ ಮಿದುಳಿನ ಚೂರು ಕೂಡಿಸಿ ಹುಡುಕಿದರು, ಆಂಡ್ರ್ಯೂ ಶ್ಯಾಲಿ ಹಂದಿಗಳ ಮಿದುಳಿನಲ್ಲಿ ಹುಡುಕಿದರು. ಇಬ್ಬರಿಗೂ 1977ರಲ್ಲಿ ನೊಬೆಲ್ ಬಂತು. ಕುರಿಗಳ ಹೆಸರು ಯಾರೂ ಹೇಳಲಿಲ್ಲ.

ಮುಟ್ಟುವ ಮೊದಲು

ಟಗರಿಗೆ ಬೆನ್ನು ತಿರುಗಿಸಬೇಡಿ. ಮನೆಯಲ್ಲಿ ಎಷ್ಟೇ ಸಾಧುವಾಗಿದ್ದರೂ ಬೆದೆ ಕುರಿ ಪಕ್ಕದಲ್ಲಿದ್ದಾಗ ಅದು ಬೇರೆಯೇ ಪ್ರಾಣಿ. ಹಣೆ ಸವರಿ ಆಡಿಸುವ ಚಟ ಬಿಡಿ, ಅದು ಗುದ್ದಲು ಕರೆದ ಹಾಗೆ. ಮಕ್ಕಳನ್ನು ದೂರ ಇಡಿ. ಕಾಲು, ಬೀಜ ನೋಡುವಾಗ ಒಬ್ಬರು ಗಟ್ಟಿಯಾಗಿ ಹಿಡಿದಿರಬೇಕು.

ಲಕ್ಷಣ: ಕುರಿಗಳ ನಡುವೆ ಇದ್ದರೂ ಏನೂ ಮಾಡುತ್ತಿಲ್ಲ

ಮೊದಲು ಟಗರನ್ನಲ್ಲ, ಕುರಿಗಳನ್ನು ನೋಡಿ. ಬೆದೆಗೆ ಬಂದ ಕುರಿಯೇ ಇಲ್ಲದಿದ್ದರೆ ಟಗರು ಏನು ಮಾಡಬೇಕು? ಕುರಿಗೆ ಬೆದೆ ಬರುವುದು ಸುಮಾರು 17 ದಿನಕ್ಕೊಮ್ಮೆ. ಇರುವುದು ಒಂದು ದಿನ, ಒಂದೂವರೆ ದಿನ. ಗಬ್ಬದ ಕುರಿಗೆ ಬೆದೆ ಬರುವುದಿಲ್ಲ. ಒಣಗಿ ಎಲುಬು ಕಾಣುವ ಕುರಿಗೂ ಬರುವುದಿಲ್ಲ. ಹಿಂಡಿನಲ್ಲಿ ಬಹುಪಾಲು ಆಗಲೇ ಗಬ್ಬವಾಗಿದ್ದು, ಟಗರಿಗೆ ಬಯ್ಯುತ್ತ ಕೂತವರನ್ನು ನಾನು ಕಂಡಿದ್ದೇನೆ.

ಬೆಳಗಿನ ತಂಪಿನಲ್ಲಿ, ಅಂದರೆ ಆರರಿಂದ ಎಂಟರೊಳಗೆ, ಟಗರನ್ನು ಹಿಂಡಿಗೆ ಬಿಟ್ಟು ಅರ್ಧ ಗಂಟೆ ಸುಮ್ಮನೆ ಕೂತು ನೋಡಿ. ಮೊಬೈಲ್ ಜೇಬಿನಲ್ಲಿರಲಿ. ಬೆದೆಗೆ ಬಂದ ಕುರಿ ತಾನೇ ಟಗರಿನ ಹಿಂದೆ ಹೋಗುತ್ತದೆ, ಬಾಲ ಅಲ್ಲಾಡಿಸುತ್ತದೆ, ಮೂಸಿದಾಗ ಓಡದೆ ನಿಲ್ಲುತ್ತದೆ. ಟಗರು ಸರಿಯಿದ್ದರೆ ಮೂಸುತ್ತದೆ, ಕುರಿಯ ಉಚ್ಚೆಯ ವಾಸನೆ ಹಿಡಿದು ತಲೆ ಮೇಲೆತ್ತಿ ಮೇಲ್ದುಟಿ ಮಡಚುತ್ತದೆ, ಮುಂಗಾಲಿನಿಂದ ಕುರಿಯ ಪಕ್ಕೆ ಒದೆಯುತ್ತದೆ, ಗುರುಗುಟ್ಟುತ್ತದೆ. ತುಟಿ ಮಡಚುವುದು ತಮಾಷೆಯಲ್ಲ. ವಾಸನೆಯನ್ನು ಬಾಯಿಯ ಮೇಲ್ಭಾಗದ ಒಂದು ವಿಶೇಷ ಅಂಗಕ್ಕೆ ಎಳೆದುಕೊಳ್ಳುವ ವಿಧಾನ ಅದು. ಅಲ್ಲಿಂದ ಸುದ್ದಿ ಮಿದುಳಿಗೆ ಹೋಗುತ್ತದೆ.

ನೋಡಿದ್ದು ನೆನಪಿನಲ್ಲಿ ಉಳಿಯುವುದಿಲ್ಲ, ಗುರುತು ಮಾಡಿ. ಟಗರಿನ ಎದೆಗೆ ಕೆಮ್ಮಣ್ಣನ್ನು ಶೇಂಗಾ ಎಣ್ಣೆಯಲ್ಲಿ ಕಲಸಿ ಬಳಿಯಿರಿ. ಎರಡು ಮೂರು ದಿನಕ್ಕೊಮ್ಮೆ ಮತ್ತೆ ಹಚ್ಚಿ. ಹಾರಿದ ಕುರಿಯ ಹಿಂಭಾಗಕ್ಕೆ ಬಣ್ಣ ಅಂಟುತ್ತದೆ. ರಾತ್ರಿ ಹಾರುವ ಟಗರುಗಳೂ ಇವೆ, ಹಗಲು ನೋಡಿದವನಿಗೆ ಗೊತ್ತೇ ಆಗುವುದಿಲ್ಲ. 17 ದಿನ ಕಳೆದ ಮೇಲೆ ಕೆಂಪಿನ ಬದಲು ಬಟ್ಟೆಗೆ ಹಾಕುವ ನೀಲಿ ಹಚ್ಚಿ. ಕೆಂಪು ಇದ್ದ ಕುರಿಗೆ ನೀಲಿಯೂ ಬಿದ್ದರೆ ಅದು ಗಬ್ಬ ನಿಂತಿಲ್ಲ ಅಂತ.

ಬೆದೆ ಕುರಿ ಪಕ್ಕದಲ್ಲೇ ನಿಂತು, ಟಗರು ಮೂಸುವುದೂ ಇಲ್ಲ ಅಂದರೆ ಮಾತ್ರ ತೊಂದರೆ ಟಗರಿನಲ್ಲಿದೆ.

ಸಂತೆಯಿಂದ ಹೊಸದಾಗಿ ತಂದ ಟಗರಾದರೆ ಎರಡು ಮೂರು ವಾರ ಸಮಯ ಕೊಡಿ. ಗಾಡಿಯ ಕುಲುಕಾಟ, ಹೊಸ ಜಾಗ, ಹೊಸ ಮೇವು, ಎಲ್ಲವೂ ಕಾರ್ಟಿಸಾಲ್ ಏರಿಸುತ್ತವೆ. ಆ ಹೊತ್ತಿನಲ್ಲಿ ಮಿದುಳಿಗೆ ಬದುಕುವುದು ಮುಖ್ಯ, ಮರಿ ಮಾಡುವುದಲ್ಲ.

ಲಕ್ಷಣ: ಮೂಸುತ್ತದೆ, ತುಟಿ ಮಡಚುತ್ತದೆ, ಆದರೆ ಹಾರುವುದಿಲ್ಲ

ನನ್ನ ಕಥೆ ಇಲ್ಲೇ ಬರುವುದು.

ಒಂದು ಬೇಸಿಗೆಯ ಕೊನೆಗೆ ಕೂಕನಪಳ್ಳಿ ಸಂತೆಯಿಂದ ಒಳ್ಳೆ ಕೆಂಪು ಬಣ್ಣದ ಟಗರು ತಂದೆ. ನೋಡಲು ಹುಲಿ. ಕುರಿಗಳ ಹಿಂದೆ ಓಡಾಡುತ್ತಿತ್ತು, ಮೂಸುತ್ತಿತ್ತು, ಗುರುಗುಡುತ್ತಿತ್ತು. ಹಾರಲು ಮುಂಗಾಲು ಎತ್ತಿ ಅರ್ಧಕ್ಕೇ ಇಳಿಸಿಬಿಡುತ್ತಿತ್ತು. ಔಷಧಿ ಮಾರುವ ಒಬ್ಬ "ಗಂಡಸುತನದ ಹಾರ್ಮೋನ್ ಕಡಿಮೆ ಐತಿ" ಅಂದ. ವಾರಕ್ಕೊಂದರಂತೆ ಆರು ಇಂಜೆಕ್ಷನ್ ಕೊಟ್ಟ. ನಾನು ಹಾಕಿಸಿದೆ. ಟಗರು ಮೊದಲಿಗಿಂತ ಜಾಸ್ತಿ ಗುದ್ದಾಡತೊಡಗಿತು, ಆದರೆ ಹಾರಲಿಲ್ಲ.

ಆಮೇಲೆ ಪಶು ಡಾಕ್ಟರ್ ಬಂದು ಮೊದಲು ಮಾಡಿದ್ದೇನು ಗೊತ್ತೇ? ಹಿಂಗಾಲು ಎತ್ತಿ ಗೊರಸಿನ ನಡುವೆ ಹೆಬ್ಬೆರಳಿನಿಂದ ಒತ್ತಿದರು. ಟಗರು ಕಾಲು ಎಳೆದುಕೊಂಡಿತು. ಒಳಗೆ ಬಳ್ಳಾರಿ ಜಾಲಿಯ ಮುಳ್ಳು ಮುರಿದು ಕೂತಿತ್ತು, ಸುತ್ತ ಕೀವು. ನಡೆಯುವಾಗ ಕುಂಟು ಕಾಣುತ್ತಿರಲಿಲ್ಲ. ಹಾರುವಾಗ ಇಡೀ ಮೈಯ ಭಾರ ಹಿಂಗಾಲುಗಳ ಮೇಲೆ ಬೀಳುತ್ತದಲ್ಲ, ಆಗ ಮಾತ್ರ ನೋವು.

ಹಾಗಾಗಿ ಈ ಲಕ್ಷಣ ಕಂಡರೆ ತಿಳಿದುಕೊಳ್ಳಿ: ಮಿದುಳು ಸರಿಯಿದೆ. ತೂಬು ಎತ್ತಿದೆ, ನೀರೂ ಬಂದಿದೆ, ಕಾಲುವೆ ಎಲ್ಲೋ ಕೆಳಗೆ ಕಟ್ಟಿಕೊಂಡಿದೆ. ನಾಲ್ಕೂ ಗೊರಸು ತೊಳೆದು ನೋಡಿ, ಹಿಂಗಾಲು ಮೊದಲು. ಮುಳ್ಳು, ಬೆಳೆದು ಮಡಚಿದ ಗೊರಸು, ಗೊರಸಿನ ನಡುವೆ ಕೊಳೆತ ವಾಸನೆ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಬತ್ತ ಕೊಯ್ದ ಗದ್ದೆಯಲ್ಲಿ ಮೇಯಿಸುವವರಿಗೆ ಈ ಕೊಳೆಗಾಲು ಜಾಸ್ತಿ, ನೆಲ ಯಾವಾಗಲೂ ಹಸಿ ಇರುತ್ತದೆ. ಆಮೇಲೆ ಮೊಣಕಾಲು, ಸೊಂಟ ಒತ್ತಿ ನೋಡಿ. ಕೊನೆಗೆ ಶಿಶ್ನದ ಚೀಲದ ಬಾಯಿ: ಅಲ್ಲಿ ಹುಣ್ಣು, ಕೀವು, ಮುಳ್ಳು, ಸುತ್ತಿಕೊಂಡ ಉಣ್ಣೆ ಇದೆಯೇ ಅಂತ.

ಗೊರಸಿನ ಮುಳ್ಳು ತೆಗೆಯುವುದು, ತೊಳೆಯುವುದು, ಒಣ ನೆಲದಲ್ಲಿ ಕಟ್ಟುವುದು ನೀವೇ ಮಾಡಬಹುದು. ಗಂಟು ಊದಿದ್ದರೆ, ಕೀವು ಒಳಗೆ ಹೋಗಿದ್ದರೆ, ಶಿಶ್ನದಲ್ಲಿ ಗಾಯ ಇದ್ದರೆ ಕೈ ಹಾಕಬೇಡಿ. ಮಳೆಗಾಲದಲ್ಲಿ ಕುಂಟಿನ ಜೊತೆ ಜ್ವರ, ಬಾಯಿ ಮೂತಿ ಊತ, ಸಿಂಬಳ ಕಂಡರೆ ಅದು ನೀಲಿ ನಾಲಿಗೆ ರೋಗ ಇರಬಹುದು. ಹಿಂಡಿನಿಂದ ಬೇರೆ ಮಾಡಿ, ಅದೇ ದಿನ ಡಾಕ್ಟರ್‌ಗೆ ಹೇಳಿ.

ಲಕ್ಷಣ: ಮೊದಲ ವಾರ ಚುರುಕು, ಈಗ ಮಂಕು

ಒಂದು ಬಲಿತ ಟಗರಿಗೆ 25ರಿಂದ 30 ಕುರಿ ಸಾಕು. ಒಂದು ವರ್ಷದ ಎಳೆ ಟಗರಿಗೆ 10ರಿಂದ 15. ಐವತ್ತು ಅರವತ್ತು ಕುರಿಗೆ ಒಂದೇ ಟಗರು ಬಿಟ್ಟು ಮಂಕಾಯಿತು ಅಂದರೆ ಹೇಗೆ?

ಇಲ್ಲಿ ಮಿದುಳಿನ ಒಂದು ಚೆಂದದ ಆಟ ಇದೆ. ಟಗರು ಒಂದೇ ಕುರಿಯನ್ನು ನಾಲ್ಕೈದು ಸಲ ಹಾರಿದ ಮೇಲೆ ಅದರ ಕಡೆ ನೋಡುವುದಿಲ್ಲ. ಹೊಸ ಬೆದೆ ಕುರಿ ಬಿಡಿ, ಸುಸ್ತಾಗಿದ್ದ ಟಗರು ಮತ್ತೆ ಏಳುತ್ತದೆ. ಇಲಿಗಳಲ್ಲಿ ಇದನ್ನು ಅಳೆದಾಗ, ಹೊಸ ಹೆಣ್ಣು ಕಂಡ ಕೂಡಲೇ ಇಳಿದಿದ್ದ ಡೋಪಮಿನ್ ಮತ್ತೆ ಏರಿದ್ದು ಕಂಡಿದೆ. ಅಂದರೆ ಮೈಯ ಬಲ ಮುಗಿದಿರಲಿಲ್ಲ, ತೂಬು ಮಾತ್ರ ಇಳಿದಿತ್ತು. ಹಾಗಾಗಿ ಪರೀಕ್ಷೆ ಸುಲಭ: ಬೇರೆ ಬೆದೆ ಕುರಿ ತಂದು ತೋರಿಸಿ. ಎದ್ದರೆ ಚಿಂತೆ ಇಲ್ಲ. ಎದ್ದಿಲ್ಲ ಅಂದರೆ ಒಂದು ವಾರ ಬೇರೆ ಕಟ್ಟಿ, ಮೇವು ಕೊಟ್ಟು ಮತ್ತೆ ನೋಡಿ.

ಮೇವಿನ ಮಾತು ಬಂತು. ಹಾರುವ ಕಾಲದಲ್ಲಿ ಟಗರು ಮೇಯುವುದನ್ನೇ ಮರೆಯುತ್ತದೆ, ಇಳಿದುಹೋಗುತ್ತದೆ. ಹೊಟ್ಟೆಗೆ ಕಡಿಮೆಯಾದರೆ ಮಿದುಳಿನ ಜಿಎನ್‌ಆರ್‌ಎಚ್ ತೊಟ್ಟು ವಿರಳವಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಟಗರುಗಳಿಗೆ ಎರಡು ತಿಂಗಳು ಲುಪಿನ್ ಎಂಬ ಕಾಳು ಹೆಚ್ಚಾಗಿ ಕೊಟ್ಟು ಬೀಜದ ಗಾತ್ರವೇ ಬೆಳೆಯುವುದನ್ನು ಕಂಡಿದ್ದಾರೆ. ನಮಗೆ ಲುಪಿನ್ ಯಾಕೆ, ಹುರುಳಿ ಇದೆ, ತೊಗರಿ ನುಚ್ಚಿದೆ, ಶೇಂಗಾ ಹಿಂಡಿ ಇದೆ. ಟಗರು ಬಿಡುವ ಎರಡು ತಿಂಗಳು ಮೊದಲೇ ದಿನಕ್ಕೆ 250ರಿಂದ 300 ಗ್ರಾಂ ಶುರು ಮಾಡಿ. ಮೊದಲ ದಿನವೇ ಅಷ್ಟನ್ನೂ ಹಾಕಬೇಡಿ, ಹತ್ತು ದಿನದಲ್ಲಿ ಏರಿಸಿ. ಹಿಂದಿನ ರಾತ್ರಿ ಕಾಳು ತಿನ್ನಿಸಿ ಬೆಳಗ್ಗೆ ಹಾರಲಿ ಅಂದರೆ ಆಗುವುದಿಲ್ಲ, ಹೊಟ್ಟೆ ಕೆಡುವುದಷ್ಟೇ ಲಾಭ.

ಕೊಬ್ಬಿದ ಟಗರೂ ಕೆಲಸಕ್ಕೆ ಬರುವುದಿಲ್ಲ. ಕಾಳಗಕ್ಕೆ ಸಾಕಿದ ಟಗರನ್ನು ತಂದು ಹಿಂಡಿಗೆ ಬಿಟ್ಟವರು ಹೇಳುತ್ತಾರೆ, ಕುರಿಯನ್ನು ಕಂಡರೂ ಗುದ್ದಲು ಹೋಗುತ್ತದೆ ಅಂತ. ಒಂಟಿಯಾಗಿ ಬೆಳೆದದ್ದಕ್ಕೆ ಅದಕ್ಕೆ ಬೇರೇನು ಗೊತ್ತಿರಬೇಕು?

ಲಕ್ಷಣ: ಇನ್ನೊಂದು ಟಗರು ಇದ್ದಾಗ ಮೂಲೆ ಸೇರುತ್ತದೆ

ದೊಡ್ಡ ಟಗರು ಕಣ್ಣಿಗೆ ಬಿದ್ದರೆ ಸಾಕು, ಸಣ್ಣದು ಹಾರುವುದಿಲ್ಲ. ಬಡಿಸಿಕೊಳ್ಳಬೇಕೆಂದೇನೂ ಇಲ್ಲ, ಅದು ನಿಂತು ನೋಡುತ್ತಿದ್ದರೂ ಆಯಿತು. ಸಣ್ಣದನ್ನು ನಾಲ್ಕು ಕುರಿಗಳ ಜೊತೆ, ದೊಡ್ಡದರ ಕಣ್ಣಿಗೆ ಕಾಣದ ದೊಡ್ಡಿಯಲ್ಲಿ ಬಿಡಿ. ಅಲ್ಲಿ ಹಾರಿದರೆ ರೋಗವೂ ಇಲ್ಲ, ಔಷಧಿಯೂ ಬೇಡ. ಎರಡು ದೊಡ್ಡಿ ಮಾಡಿದರೆ ಮುಗಿಯಿತು.

ಲಕ್ಷಣ: ಬೇಸಿಗೆಯಲ್ಲಿ ಮಂಕು, ಮಧ್ಯಾಹ್ನ ಏದುಸಿರು

ರಾಯಚೂರು, ಬಳ್ಳಾರಿ ಕಡೆ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವುದು ಹೊಸತಲ್ಲ. ಬೀಜ ಮೈಗಿಂತ ನಾಲ್ಕೈದು ಡಿಗ್ರಿ ತಂಪಾಗಿರಬೇಕು, ಅದಕ್ಕೇ ಅದು ಹೊರಗೆ ಜೋತುಬಿದ್ದಿರುವುದು. ಬಿಸಿಲಿನಲ್ಲಿ ಟಗರಿನ ಮನಸ್ಸೂ ಮುದುಡುತ್ತದೆ, ವೀರ್ಯವೂ ಕೆಡುತ್ತದೆ. ಆದರೆ ಎರಡರ ಕಾಲ ಬೇರೆ. ಮನಸ್ಸು ಒಂದು ಮಳೆ ಬಿದ್ದು ತಂಪಾದರೆ ಮರುದಿನವೇ ಬರುತ್ತದೆ. ವೀರ್ಯ ಬರುವುದಿಲ್ಲ. ಬೀಜದಲ್ಲಿ ವೀರ್ಯಾಣು ತಯಾರಾಗಿ ಹೊರಬರಲು ಸುಮಾರು ಎರಡು ತಿಂಗಳು ಬೇಕು. ಮೇ ತಿಂಗಳಲ್ಲಿ ಬೆಂದ ಟಗರು ಜೂನ್, ಜುಲೈನಲ್ಲಿ ಹುರುಪಿನಿಂದ ಹಾರುತ್ತದೆ, ಗಬ್ಬ ನಿಲ್ಲಿಸುವುದಿಲ್ಲ. ನಮ್ಮ ಕಡೆ ಟಗರು ಬಿಡುವುದೂ ಅದೇ ಕಾಲದಲ್ಲಿ ಅಲ್ವಾ?

ಮಧ್ಯಾಹ್ನ ಬೇವಿನ ನೆರಳು, ದಿನಕ್ಕೆ ಮೂರು ಸಲ ನೀರು, ಬೀಜದ ಮೇಲೆ ಉಣ್ಣೆ ದಪ್ಪವಾಗಿದ್ದರೆ ಕತ್ತರಿಸುವುದು. ಬಳ್ಳಾರಿ ತಳಿಯ ಉಣ್ಣೆ ಕುರಿ ಇದ್ದವರು ಇದನ್ನು ಮರೆಯಬೇಡಿ. ತಗಡಿನ ಶೀಟಿನ ಕೆಳಗೆ ಕಟ್ಟುವುದಕ್ಕಿಂತ ಗಿಡದ ಕೆಳಗೆ ಕಟ್ಟುವುದು ಎಷ್ಟೋ ಮೇಲು.

ಮುಂಜಾನೆ ನೆರಳಿನಲ್ಲಿ ಸುಮ್ಮನಿರುವಾಗಲೂ ಮೈ ಬಿಸಿ ಇದ್ದರೆ ಅದು ಬಿಸಿಲಲ್ಲ, ಜ್ವರ. ಕುರಿಯ ಮಾಮೂಲಿ ಬಿಸಿ 102ರಿಂದ 103 ಫ್ಯಾರನ್‌ಹೀಟ್ ಆಸುಪಾಸು. 104 ದಾಟಿದರೆ ಡಾಕ್ಟರ್‌ಗೆ ತೋರಿಸಿ.

ಲಕ್ಷಣ: ಟಗರುಗಳನ್ನೇ ಹಾರುತ್ತದೆ, ಕುರಿ ಕಡೆ ಹೋಗುವುದಿಲ್ಲ

ಇದನ್ನು ಕೇಳಲು ಜನ ನಾಚುತ್ತಾರೆ, ದನಿ ಇಳಿಸಿ ಹೇಳುತ್ತಾರೆ. ನಾಚಿಕೆ ಏನೂ ಬೇಡ.

ಬರೀ ಗಂಡು ಮರಿಗಳ ಜೊತೆಯೇ ಬೆಳೆಸಿದ ಎಳೆ ಟಗರು ಮೊದಮೊದಲು ಹೀಗೆ ಮಾಡುವುದು ಸಾಮಾನ್ಯ. ಅನುಭವಸ್ಥ ಕುರಿಗಳ ಜೊತೆ, ಮರಿ ಹಾಕಿ ಗೊತ್ತಿರುವವುಗಳ ಜೊತೆ, ಮೂರು ನಾಲ್ಕು ವಾರ ಬಿಡಿ. ಬೆದೆ ಕುರಿಯ ಒಡನಾಟದಿಂದಲೇ ಟಗರಿನ ಎಲ್‌ಎಚ್ ಮತ್ತು ಟೆಸ್ಟೋಸ್ಟಿರಾನ್ ಏರುತ್ತವೆ. ಬಹಳಷ್ಟು ಕಲಿತುಬಿಡುತ್ತವೆ.

ಕೆಲವು ಕಲಿಯುವುದಿಲ್ಲ. ಅಮೆರಿಕದ ಹಿಂಡುಗಳಲ್ಲಿ ನೂರಕ್ಕೆ ಸುಮಾರು 8 ಟಗರುಗಳು ಹೆಣ್ಣಿದ್ದರೂ ಗಂಡನ್ನೇ ಆರಿಸುತ್ತವೆ ಅಂತ ಕಂಡುಬಂದಿದೆ. ಅಲ್ಲಿನ ಒರೆಗಾನ್ ರಾಜ್ಯದ ವಿಜ್ಞಾನಿ ಚಾರ್ಲ್ಸ್ ರೋಸೆಲ್ಲಿ ಮತ್ತು ಜೊತೆಗಾರರು 2004ರಲ್ಲಿ ಇಂಥ ಟಗರುಗಳ ಮಿದುಳಿನ ಬಗ್ಗೆ ಬರೆದರು. ಹೈಪೊಥಲಾಮಸ್‌ನ ಮುಂಭಾಗದಲ್ಲಿ ಒಂದು ನರಕೋಶಗಳ ಗುಂಪು ಇದೆ. ಕುರಿಗಳನ್ನು ಹಾರುವ ಟಗರುಗಳಲ್ಲಿ ಅದು, ಟಗರುಗಳನ್ನು ಹಾರುವವುಗಳಲ್ಲಿ ಇರುವುದಕ್ಕಿಂತ ಸುಮಾರು ಎರಡು ಪಟ್ಟು ದೊಡ್ಡದು. ಇದು ರೋಗವಲ್ಲ, ಶಾಪವಲ್ಲ, ಯಾರ ಕಣ್ಣೂ ಬಿದ್ದದ್ದಲ್ಲ. ಇಂಜೆಕ್ಷನ್‌ನಿಂದ ಬದಲಾಗುವುದೂ ಇಲ್ಲ. ಎರಡು ಬೆದೆ ಕಾಲ ನೋಡಿ, ಬದಲಾಗದಿದ್ದರೆ ಮರಿ ಮಾಡಿಸಲು ಬೇರೆ ಟಗರು ತನ್ನಿ.

ಲಕ್ಷಣ: ಚೆನ್ನಾಗಿ ಹಾರುತ್ತದೆ, ಕುರಿ ಮತ್ತೆ ಮತ್ತೆ ಬೆದೆಗೆ ಬರುತ್ತವೆ

ಮಿದುಳು ಬೇರೆ, ವೀರ್ಯ ಬೇರೆ. ಹುರುಪು ಕಂಡು ಮೋಸ ಹೋಗುವುದು ಇಲ್ಲೇ ಜಾಸ್ತಿ.

ಒಂದೆರಡು ಕುರಿ ಮಾತ್ರ ಮರಳಿ ಬೆದೆಗೆ ಬಂದರೆ ತಪ್ಪು ಕುರಿಯದು. ಹಿಂಡಿನ ಬಹುಪಾಲಿಗೆ ಕೆಂಪಿನ ಮೇಲೆ ನೀಲಿ ಬಿದ್ದರೆ ಟಗರಿನದು. ಟಗರನ್ನು ಹಿಂದಿನಿಂದ ಹಿಡಿದು ಬೀಜ ಮುಟ್ಟಿ ನೋಡಿ. ಎರಡೂ ಒಂದೇ ಗಾತ್ರ ಇರಬೇಕು, ಚೀಲದಲ್ಲಿ ಮೇಲೆ ಕೆಳಗೆ ಜಾರಬೇಕು, ಒತ್ತಿದರೆ ಬಿಗಿಯಾಗಿದ್ದು ಸ್ವಲ್ಪ ಬಳುಕಬೇಕು. ಹಿಟ್ಟಿನ ಹಾಗೆ ಮೆತ್ತಗಿದ್ದರೆ ಬಿಸಿಲು, ಜ್ವರ ಅಥವಾ ಹಸಿವಿನ ಕೆಲಸ. ಎರಡು ತಿಂಗಳು ಕಾಯಬೇಕು. ಕಲ್ಲಿನ ಹಾಗೆ ಗಟ್ಟಿ, ಗಂಟು ಗಂಟು, ಒಂದು ದೊಡ್ಡದು ಒಂದು ಚಿಕ್ಕದು, ಇದು ಡಾಕ್ಟರ್ ಕೆಲಸ. ಒಂದೇ ಬೀಜ ಇಳಿದ ಟಗರನ್ನು ತಳಿಗೆ ಬಿಡಲೇಬೇಡಿ, ಆ ದೋಷ ಮರಿಗಳಿಗೂ ಹೋಗಬಹುದು.

ಹತ್ತಿಕಾಳು ಹಿಂಡಿ ಕೊಡುತ್ತೀರಾ? ಅದರಲ್ಲಿ ಗಾಸಿಪಾಲ್ ಎಂಬ ವಿಷದ ಅಂಶವಿದೆ. ಹೋರಿಗಳಲ್ಲಿ ಅದು ವೀರ್ಯ ಕೆಡಿಸುವುದು ಗೊತ್ತಾಗಿದೆ. ತಳಿ ಟಗರಿಗೆ ಶೇಂಗಾ ಹಿಂಡಿಯೇ ಇರಲಿ.

ಇದರ ಜೊತೆಗೆ ಕುರಿಗಳು ತಿಂಗಳು ತುಂಬುವ ಮೊದಲೇ ಮರಿ ಹಾಕುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಬ್ರುಸೆಲ್ಲಾ ಎಂಬ ರೋಗಾಣುವಿನ ಸೋಂಕು ಇರಬಹುದು. ಅದು ಮನುಷ್ಯರಿಗೂ ಹತ್ತುತ್ತದೆ. ಬಂದು ಹೋಗುವ ಜ್ವರ, ಕೀಲು ನೋವು, ಬೆವರು, ತಿಂಗಳುಗಟ್ಟಲೆ ಕಾಡುತ್ತದೆ. ಬಿದ್ದ ಮರಿ, ಕಸ (ಮಾಸು) ಬರಿಗೈಯಲ್ಲಿ ಮುಟ್ಟಬೇಡಿ, ನಾಯಿಗೆ ಹಾಕಬೇಡಿ, ಆಳವಾಗಿ ಹೂಳಿ. ಹಾಲು ಕಾಯಿಸದೆ ಕುಡಿಯಬೇಡಿ. ಬಸುರಿ ಹೆಂಗಸರು ಆ ದೊಡ್ಡಿಗೆ ಹೋಗುವುದು ಬೇಡ. ಟಗರಿನ ರಕ್ತ ಪರೀಕ್ಷೆ ಮಾಡಿಸಿ, ಫಲ ಬರುವವರೆಗೆ ಹಿಂಡಿನಿಂದ ದೂರ ಕಟ್ಟಿ. ಸಂತೆಗೆ ಹೊಡೆದುಕೊಂಡು ಹೋಗಿ ಮಾರಿಬಿಡುವುದು ಇನ್ನೊಬ್ಬರ ಮನೆಗೆ ರೋಗ ಕಳಿಸಿದ ಹಾಗೆ.

ಲಕ್ಷಣ: ಮುಕ್ಕರಿಯುತ್ತದೆ, ಮೂತ್ರ ಬರುತ್ತಿಲ್ಲ

ಕಾಯಬೇಡಿ. ಬೆನ್ನು ಬಗ್ಗಿಸಿ ಮುಕ್ಕರಿಯುವುದು, ಬಾಲ ಕುಣಿಸುವುದು, ಹೊಟ್ಟೆಗೆ ಒದ್ದುಕೊಳ್ಳುವುದು, ತೊಟ್ಟು ತೊಟ್ಟು ಮೂತ್ರ ಅಥವಾ ಏನೂ ಇಲ್ಲ. ಇದು ಹುರುಪಿನ ಪ್ರಶ್ನೆಯೇ ಅಲ್ಲ, ಮೂತ್ರನಾಳದಲ್ಲಿ ಕಲ್ಲು. ಕಾಳು ಜಾಸ್ತಿ, ನೀರು ಕಡಿಮೆ ಆದಾಗ ಬರುತ್ತದೆ. ತಡ ಮಾಡಿದರೆ ಮೂತ್ರಕೋಶ ಒಡೆದು ಟಗರು ಸಾಯುತ್ತದೆ. ಬೀಜ ಇದ್ದಕ್ಕಿದ್ದ ಹಾಗೆ ಊದಿ ಬಿಸಿಯಾದರೂ ಹೀಗೆಯೇ, ಅವತ್ತೇ ಡಾಕ್ಟರ್.

ಆ ಇಂಜೆಕ್ಷನ್ ಮಾಡಿದ್ದೇನು

ಮುಳ್ಳು ತೆಗೆದ ಹತ್ತೇ ದಿನಕ್ಕೆ ನನ್ನ ಟಗರು ಹಾರತೊಡಗಿತು. ನಾನು ಹಿಗ್ಗಿದೆ. 17 ದಿನ ಕಳೆಯಿತು, ಕುರಿಗಳು ಮತ್ತೆ ಬೆದೆಗೆ. ಇನ್ನೊಂದು 17 ದಿನ, ಮತ್ತೆ ಅದೇ. ಬೀಜ ಮುಟ್ಟಿದರೆ ಮೆತ್ತಗೆ, ಚಿಕ್ಕದು.

ಡಾಕ್ಟರ್ ಹೇಳಿದ್ದು ಇಷ್ಟು. ಹೊರಗಿನಿಂದ ಟೆಸ್ಟೋಸ್ಟಿರಾನ್ ಸುರಿದರೆ ಕಾಲುವೆ ತುಂಬಿದೆ ಅಂತ ಮಿದುಳಿಗೆ ಸುದ್ದಿ ಹೋಗುತ್ತದೆ. ಅದು ಡ್ಯಾಮಿನ ಗೇಟು ಇಳಿಸುತ್ತದೆ. ಜಿಎನ್‌ಆರ್‌ಎಚ್ ನಿಲ್ಲುತ್ತದೆ, ಎಲ್‌ಎಚ್ ನಿಲ್ಲುತ್ತದೆ, ಬೀಜಕ್ಕೆ ಕೆಲಸವಿಲ್ಲದೆ ಅದು ಕುಗ್ಗುತ್ತದೆ. ವೀರ್ಯಾಣು ಬೆಳೆಯಲು ಬೀಜದೊಳಗೇ ಹುಟ್ಟಿದ ಟೆಸ್ಟೋಸ್ಟಿರಾನ್ ದಟ್ಟವಾಗಿ ಬೇಕು, ಸೂಜಿಯಲ್ಲಿ ಬಂದದ್ದು ಅಲ್ಲಿ ಅಷ್ಟು ಮಟ್ಟಕ್ಕೆ ಏರುವುದಿಲ್ಲ. ಇಂಜೆಕ್ಷನ್ ನಿಲ್ಲಿಸಿ ಸುಮ್ಮನೆ ಕಾಯಿರಿ ಅಂದರು. ಕಾದೆ. ಅಕ್ಟೋಬರ್‌ನಲ್ಲಿ ಗಬ್ಬ ನಿಲ್ಲಲು ಶುರುವಾಯಿತು.

ಜಿಎನ್‌ಆರ್‌ಎಚ್ ಥರದ ಇಂಜೆಕ್ಷನ್‌ಗಳೂ ಇವೆ. ಡಾಕ್ಟರ್ ನೋಡಿ, ಅಳೆದು, ಕಾರಣ ಇದ್ದರೆ ಕೊಡುತ್ತಾರೆ. ಅದನ್ನೂ ಎಡೆಬಿಡದೆ ಕೊಟ್ಟರೆ ಪಿಟ್ಯುಟರಿ ಕಿವುಡಾಗುತ್ತದೆ. ತೊಟ್ಟು ತೊಟ್ಟಾಗಿ ಬಂದರೆ ಮಾತ್ರ ಅದಕ್ಕೆ ಕೇಳಿಸುತ್ತದೆ. ಮನುಷ್ಯರ ಮಾತ್ರೆಗಳನ್ನು ಬೆಲ್ಲದಲ್ಲಿ ಕಲಸಿ ತಿನ್ನಿಸುವವರೂ ಇದ್ದಾರೆ. ಅವು ರಕ್ತನಾಳದ ಮೇಲೆ ಕೆಲಸ ಮಾಡುವಂಥವು, ಆಸೆ ಹುಟ್ಟಿಸುವುದಿಲ್ಲ.

ಡಾಕ್ಟರ್‌ಗೆ ಫೋನ್ ಮಾಡುವಾಗ

ಹತ್ತಿರದ ಪಶು ಆಸ್ಪತ್ರೆ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ಆ ಸಂಖ್ಯೆಗೆ ದುಡ್ಡಿಲ್ಲ. "ಟಗರಿಗೆ ಹುರುಪಿಲ್ಲ" ಅಂತ ಒಂದೇ ಮಾತು ಹೇಳಬೇಡಿ. ವಯಸ್ಸು, ತಂದು ಎಷ್ಟು ದಿನವಾಯಿತು, ಎಷ್ಟು ಕುರಿಗೆ ಬಿಟ್ಟಿದ್ದೀರಿ, ಮೂಸುತ್ತದೆಯೇ, ತುಟಿ ಮಡಚುತ್ತದೆಯೇ, ಮುಂಗಾಲು ಎತ್ತುತ್ತದೆಯೇ, ಯಾವ ಕಾಲು ಎಳೆಯುತ್ತದೆ, ಏನು ತಿನ್ನುತ್ತದೆ, ಇದುವರೆಗೆ ಯಾವ ಇಂಜೆಕ್ಷನ್ ಹಾಕಿಸಿದಿರಿ. ಕೊನೆಯದನ್ನು ಮುಚ್ಚಿಡಬೇಡಿ, ನಾನು ಮುಚ್ಚಿಟ್ಟು ಹದಿನೈದು ದಿನ ಹಾಳು ಮಾಡಿದೆ. ಬಾಟಲಿ ಇದ್ದರೆ ಎತ್ತಿಡಿ.

ಆಸ್ಪತ್ರೆಗೆ ಹೊಡೆದುಕೊಂಡು ಹೋಗುವುದಾದರೆ ಬೆಳಗಿನ ತಂಪಿನಲ್ಲೇ ಹೊರಡಿ. ಎಷ್ಟು ಕುರಿಗೆ ಕೆಂಪು ಬಿತ್ತು, ಎಷ್ಟಕ್ಕೆ ಅದರ ಮೇಲೆ ನೀಲಿ ಬಿತ್ತು, ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಮ್ಮ ಡಾಕ್ಟರ್ ಈಗ ಟಗರಿನ ಮುಖ ನೋಡುವ ಮೊದಲು ನನ್ನ ಹತ್ತಿರ ಆ ಚೀಟಿ ಕೇಳುತ್ತಾರೆ.